ಬಂದವರು ಯಾರು ಸ್ವಾಮಿ?

ಮನೆಗೆ ನೆಂಟರು ಬಂದರೆ ಯಾವಾಗ ಹೊರಡುತ್ತಾರೋ ಎಂದು ಒಳಗೊಳಗೇ ಲೆಕ್ಕ ಹಾಕುವ ನಾವು, ಸ್ವಂತದ್ದೊಂದು ಜಾಲತಾಣ ತೆರೆದೆವೆಂದರೆ ಬಂದವರು ಎಷ್ಟು ಸೆಕೆಂಡು ನಿಂತರು ಎಂದು ಕೊರಗುತ್ತೇವೆ. ನನ್ನ ಸ್ನೇಹಿತರೊಬ್ಬರು ನಿವೃತ್ತರಾದ ಮೇಲೆ ತಮ್ಮೂರಿನ ಕೆರೆ, ಕೋಟೆ, ವೀರಗಲ್ಲುಗಳ ಬಗ್ಗೆ ಇಂಥದೊಂದು ತಾಣ ಮಾಡಿದ್ದಾರೆ. ಬೆಳಿಗ್ಗೆ ಎದ್ದು ಮೊದಲು ನೋಡುವುದು ಬಂದುಹೋದವರ ಸಂಖ್ಯೆ, ಆಮೇಲೆ ಬಿ.ಪಿ. ಮೊದಲನೆಯದು ಇಳಿದ ದಿನ ಎರಡನೆಯದು ಏರಿರುತ್ತದೆ.

ಒಮ್ಮೆ ಆ ಸಂಖ್ಯೆ ಇದ್ದಕ್ಕಿದ್ದಂತೆ ಜಿಗಿಯಿತು. ‘ಅಮೆರಿಕದವರೆಲ್ಲ ಓದ್ತಿದಾರೆ ಕಣ್ರೀ’ ಎಂದು ನನಗೆ ಫೋನು. ಸಂಜೆ ಮಗಳು ನೋಡಿ, ‘ಅಪ್ಪಾ, ಅದು ಮನುಷ್ಯರಲ್ಲ, ಬಾಟು’ ಎಂದಳು. ಹುಡುಕುಯಂತ್ರಗಳು ಊರೂರು ಅಲೆಯಲು ಬಿಟ್ಟಿರುವ ಇಂಥ ರೋಬಾಟುಗಳು ಹಗಲುರಾತ್ರಿ ಪುಟ ತಿರುವುತ್ತಲೇ ಇರುತ್ತವೆ. ಇವುಗಳ ಕಾಟಕ್ಕೆಂದೇ 1994ರಲ್ಲಿ ಮಾರ್ಟೈನ್ ಕೋಸ್ಟರ್ ಎಂಬಾತ ಒಂದು ಪದ್ಧತಿ ಸೂಚಿಸಿದ: ಯಾವ ಕೋಣೆಗೆ ಬರಬಾರದೆಂದು ಬಾಗಿಲಲ್ಲೇ ಚೀಟಿ ಬರೆದಿಡುವುದು. ಪಾಲಿಸುವುದು ಬಿಡುವುದು ಬಂದವರ ಮರ್ಜಿ. ‘ಇರಲಿ ಬಿಡಮ್ಮ, ಅದಾದರೂ ಪೂರ್ತಿ ಓದುತ್ತಲ್ಲ’ ಎಂದರು ಸ್ನೇಹಿತರು.

ಯಂತ್ರವಾದರೂ ಓದುವ ಈ ಭಾಗ್ಯವೂ ಕನ್ನಡಕ್ಕೆ ತಡವಾಗಿ ಬಂದದ್ದು. 1996ರಲ್ಲಿ ‘ವಿಶ್ವಕನ್ನಡ’ ಎಂಬ ತಾಣ ಅಂತರಜಾಲದಲ್ಲಿ ಕಾಣಿಸಿಕೊಂಡ ದಿನಗಳಲ್ಲಿ ಕನ್ನಡ ಬರೀ ಫಾಂಟಿನ ವೇಷ. ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ವೇಷ ಕಳಚಿ, ಲ್ಯಾಟಿನ್ ಅಕ್ಷರಗಳ ಕಸದ ರಾಶಿ ಉಳಿಯುತ್ತಿತ್ತು. ಹುಡುಕುಯಂತ್ರಕ್ಕೆ ಕಾಣುತ್ತಿದ್ದುದೂ ಆ ಕಸವೇ. ಯೂನಿಕೋಡ್ ಬಳಕೆಗೆ ಬಂದ ಮೇಲಷ್ಟೇ ‘ಕೆರೆ’ ಎಂದು ಹುಡುಕಿದವರಿಗೆ ಕೆರೆ ಸಿಕ್ಕಿತು. ಈಗಲೂ ತಾಪತ್ರಯ ತಪ್ಪಿಲ್ಲ. ನನ್ನ ಸ್ನೇಹಿತರು ಶುದ್ಧವಾಗಿ ‘ವೀರಗಲ್ಲು’ ಎಂದು ಬರೆದರೆ, ಅವರೂರಿನ ಹುಡುಗರು ಇಂಗ್ಲಿಷ್ ಅಕ್ಷರದಲ್ಲಿ ‘ಹೀರೋ ಸ್ಟೋನ್’ ಎಂದು ಹುಡುಕುತ್ತಾರೆ. ಇಬ್ಬರೂ ಒಂದೇ ಕಲ್ಲಿನ ಆಚೆಈಚೆ ನಿಂತು ಒಬ್ಬರನ್ನೊಬ್ಬರು ಕಾಣರು.

ಮಗಳು ತಲೆಬರಹ ಬದಲಿಸಲು ಹೇಳಿದಳು: ‘ಈ ಕಲ್ಲಿನ ರಹಸ್ಯ ಕೇಳಿದ್ರೆ ಶಾಕ್ ಆಗ್ತೀರಾ!’

‘ಅವನು ಊರ ದನ ಬಿಡಿಸಿಕೊಳ್ಳೋಕೆ ಹೋಗಿ ಸತ್ತವನಮ್ಮ. ಇದರಲ್ಲಿ ರಹಸ್ಯ ಏನು ಬಂತು?’

ಜನರನ್ನು ಸೆಳೆಯುವ ತಂತ್ರಗಳು ಈಗಿನವಲ್ಲ. ಬಿಳಿ ಹಿನ್ನೆಲೆಯ ಮೇಲೆ ಬಿಳಿ ಅಕ್ಷರದಲ್ಲಿ ಒಂದೇ ಪದವನ್ನು ನೂರು ಸಲ ಬರೆದು ಯಂತ್ರಕ್ಕೆ ಮಂಕುಬೂದಿ ಎರಚುವವರು ತೊಂಬತ್ತರ ದಶಕದಲ್ಲೇ ಇದ್ದರು. 1998ರಲ್ಲಿ ಶುರುವಾದ ಗೂಗಲ್ಲು, ಪುಟ ತನ್ನ ಬಗ್ಗೆ ತಾನೇ ಕೊಚ್ಚಿಕೊಂಡದ್ದಕ್ಕಿಂತ ಆ ಪುಟದತ್ತ ಯಾರು ಕೈ ತೋರಿಸಿದ್ದಾರೆ, ಕೈ ತೋರಿಸಿದವರು ಎಂಥವರು ಎಂದು ತೂಗಿ ನೋಡಿತು. ಹೆಣ್ಣು ಕೊಡುವಾಗ ನಮ್ಮ ಹಿರಿಯರು ವಿಚಾರಿಸುತ್ತಿದ್ದುದೂ ಇದನ್ನೇ. ಪುಟದ ಮರೆಯಲ್ಲಿ ತುರುಕುವ ಕೀವರ್ಡ್ ಟ್ಯಾಗನ್ನು ತಾನು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲವೆಂದು 2009ರಲ್ಲಿ ಅದು ಸಾರಿಯೂ ಆಯಿತು. ಆದರೂ ‘ನಿಮ್ಮನ್ನು ಮೊದಲ ಪುಟಕ್ಕೆ ತರ್ತೀವಿ ಸಾರ್’ ಎನ್ನುವವರ ಮೇಲ್‌ಗಳು ಸ್ನೇಹಿತರಿಗೆ ಬರುವುದು ನಿಂತಿಲ್ಲ.

ನನಗೆ ಇಂಥ ಹೊತ್ತಿನಲ್ಲಿ ಗಳಗನಾಥರು ನೆನಪಾಗುತ್ತಾರೆ. ಕಾದಂಬರಿ ಬರೆದು, ಅಚ್ಚು ಹಾಕಿಸಿ, ಪುಸ್ತಕದ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದವರು. ಓದುಗರು ಎಷ್ಟೆಂದು ತಿಳಿಯಲು ಅವರಿಗೆ ಕೌಂಟರು ಬೇಕಿರಲಿಲ್ಲ, ಕತ್ತೇ ಹೇಳುತ್ತಿತ್ತು.

ಈ ಕಥೆ ಕೇಳಿದ ಸ್ನೇಹಿತರು ಹೊರಲಂತೂ ಹೋಗಲಿಲ್ಲ, ಊರಿನ ವಾಟ್ಸಾಪ್ ಗುಂಪಿಗೆ ಕೊಂಡಿ ಹಾಕಿದರು. ಅರ್ಧ ಗಂಟೆಯಲ್ಲಿ ಒಬ್ಬರ ಫೋನು: ‘ಆ ಕಲ್ಲು ಇರೋದು ನಮ್ಮಜ್ಜನ ಹೊಲದಲ್ಲಿ. ನೀವು ದಾಯಾದಿಗಳ ಹೊಲ ಅಂತ ಹೇಗೆ ಬರೆದ್ರಿ?’ ರಾತ್ರಿಯೊಳಗೆ ದಾಯಾದಿಗಳ ಫೋನೂ ಬಂತು. ಪಕ್ಷ ವಹಿಸಲೆಂದು ಪುಣೆಯಲ್ಲಿದ್ದ ಅಳಿಯಂದಿರು, ದುಬೈನಲ್ಲಿದ್ದ ಮೊಮ್ಮಕ್ಕಳು, ಎಲ್ಲರೂ ಆ ಲೇಖನವನ್ನು ಸಾಲುಸಾಲಾಗಿ ಓದಿದರು. ದನ ಬಿಡಿಸಲು ಹೋದವನ ಕಥೆ ಕೊನೆಗೂ ಪೂರ್ತಿ ಓದಿಸಿಕೊಂಡಿತು.

ಮುಂದಿನ ವಾರ ಕೆರೆ ಏರಿಯ ಬಗ್ಗೆ ಬರೆಯುತ್ತಾರಂತೆ. ಅದರ ಒತ್ತುವರಿಯಲ್ಲಿ ಮೂರು ಮನೆತನಗಳಿವೆ.