ಬಟನ್ ರಾಯರು

ಪುಣೆಯ ಹಿಂಜವಡಿಯಲ್ಲಿ ಕಂಪನಿಗೊಬ್ಬರಂತೆ ಬಟನ್ ರಾಯರು ಇದ್ದೇ ಇರುತ್ತಾರೆ. ನಮ್ಮವರು ಧಾರವಾಡದ ಕಡೆಯವರು. ಮನೆ ವಾಕಡ್‌ನಲ್ಲಿ, ಮನಸ್ಸು ಗಿಟ್‌ಹಬ್‌ನಲ್ಲಿ. ಏಳು ತಂಡಗಳು ಏಳು ಬಗೆಯ ನೀಲಿ ಬಟನ್ ಬರೆದಿದ್ದನ್ನು ಕಂಡು ಅವರ ಹೊಟ್ಟೆ ಉರಿಯಿತು. "ಒಮ್ಮೆ ಬರದ್ರ ಮುಗೀಬೇಕ್ರೀ. ರಿಯಾಕ್ಟ್‌ನವ್ರು, ಆಂಗ್ಯುಲರ್‌ನವ್ರು, ಎಲ್ಲಾರೂ ಅದನ್ನ ಬಳಸಬೇಕು" ಎಂದು ವೆಬ್ ಕಾಂಪೊನೆಂಟ್ ಲೈಬ್ರರಿಗೆ ಕೈಹಾಕಿದರು. ಒಮ್ಮೆ ಬರೆದು ಮುಗಿಸಲು ಹೊರಟು ಎರಡು ವರ್ಷವಾಯಿತು, ಇನ್ನೂ ಬರೆಯುತ್ತಿದ್ದಾರೆ.

ಮೊದಲ ತಿಂಗಳು ನಾಮಕರಣಕ್ಕೇ ಹೋಯಿತು. ವೆಬ್ ಕಾಂಪೊನೆಂಟ್ ಟ್ಯಾಗಿನ ಹೆಸರಿನಲ್ಲಿ ಅಡ್ಡಗೆರೆ ಇರಲೇಬೇಕು, ಇಲ್ಲವಾದರೆ ಬ್ರೌಸರ್ ಒಪ್ಪದು. ಮೀಟಿಂಗಿನಲ್ಲಿ ಉಳಿದವರು ತಲೆ ಕೆರೆದುಕೊಳ್ಳುತ್ತಿದ್ದರೆ ರಾಯರು ಬೀಗಿದರು: "ಹುಬ್ಬಳ್ಳಿ-ಧಾರವಾಡದವ್ರಿಗೆ ಅಡ್ಡಗೆರಿ ಹೇಳಿಕೊಡಬೇಕೇನ್ರೀ?" ಇನ್ನು ಶ್ಯಾಡೋ ಡಾಮ್. "ಹೊರಗಿನ ಸಿಎಸ್‌ಎಸ್ ಒಳಗ ಬರಂಗಿಲ್ಲ, ಒಳಗಿಂದು ಹೊರಗ ಹೋಗಂಗಿಲ್ಲ" ಎನ್ನುವಾಗ ಅವರ ಮುಖದಲ್ಲಿ ಮಡಿಯುಟ್ಟ ಅಜ್ಜಿಯ ಕಳೆ.

ನಿಜವಾದ ಹೆಮ್ಮೆ ಬಟನ್ನಿನದಲ್ಲ, ರಿಲೀಸಿನದು. ಫರ್ಗ್ಯುಸನ್ ಕಾಲೇಜ್ ರಸ್ತೆಯ ವೈಶಾಲಿ ಹೋಟೆಲಿನ ಮುಂದೆ ಟೇಬಲ್ಲಿಗೆ ಕಾಯುವಾಗ ಸಿಕ್ಕರೆ ಮುಗಿಯಿತು, ನಿಮಗೆ ಬಿಡುಗಡೆಯಿಲ್ಲ. ಕೋಡ್ ಮರ್ಜ್ ಆದೊಡನೆ ಟೆಸ್ಟ್ ಓಡುತ್ತದೆ, ಚೇಂಜ್‌ಲಾಗ್ ತಾನೇ ಬರೆದುಕೊಳ್ಳುತ್ತದೆ, ಪ್ಯಾಕೇಜು ಎನ್‌ಪಿಎಂ ಸೇರುತ್ತದೆ. ಕಮಿಟ್ ಸಂದೇಶ 'ಫಿಕ್ಸ್' ಎಂದು ಶುರುವಾದರೆ ವರ್ಶನ್ನಿನ ಕೊನೆಯ ಅಂಕಿ ಏರುತ್ತದೆ, 'ಫೀಟ್' ಎಂದಿದ್ದರೆ ನಡುವಿನದು, 'ಬ್ರೇಕಿಂಗ್ ಚೇಂಜ್' ಎಂದಿದ್ದರೆ ಮೊದಲನೆಯದು. "ಮನಷ್ಯಾರ ಕೈ ಹತ್ತಬಾರದ್ರೀ!" ಶಿವಾಜಿ ಚೌಕದ ಟ್ರಾಫಿಕ್ಕಿನಲ್ಲಿ ಕೂತು ಮರ್ಜ್ ಒತ್ತತೊಡಗಿದರೆ, ಕ್ಯಾಬು ಚೌಕ ದಾಟುವುದರೊಳಗೆ ಮೂರು ವರ್ಶನ್ ಹೊರಬಿದ್ದಿರುತ್ತವೆ.

ಆದರೆ ಆ ಯಂತ್ರ ಬರೆದದ್ದನ್ನು ನಂಬುತ್ತದೆ, ಮಾಡಿದ್ದನ್ನು ನೋಡುವುದಿಲ್ಲ. ಒಂದು ಶುಕ್ರವಾರ ಸಂಜೆ ರಾಯರು ಆಟ್ರಿಬ್ಯೂಟ್ ಒಂದರ ಹೆಸರನ್ನೇ ಬದಲಿಸಿ, ಸಂಕೋಚಕ್ಕೆ 'ಫಿಕ್ಸ್' ಎಂದು ಬರೆದರು. 1.4.1 ಹೊರಟಿತು. ಸಣ್ಣ ದುರಸ್ತಿಯೆಂದು ನಂಬಿ ಸಂಬಳ ವಿಭಾಗದ ತಂಡ ಅದನ್ನು ತೆಗೆದುಕೊಂಡಿತು. ಬಟನ್ ನೀಲಿಯಾಗಿ, ಚೆಂದವಾಗಿ, ಒತ್ತಿದರೂ ಮಿಸುಕದೆ ಕೂತಿತು. ಬಿಟ್ಟ ವರ್ಶನ್ನನ್ನು ಅಳಿಸಿದರೂ ಅದೇ ಸಂಖ್ಯೆಯನ್ನು ಎನ್‌ಪಿಎಂ ಮತ್ತೆ ಕೊಡುವುದಿಲ್ಲ. ರಾತ್ರೋರಾತ್ರಿ 1.4.2 ಬಂತು, ಚೇಂಜ್‌ಲಾಗ್ ಇಡೀ ಕಂಪನಿಗೆ ಕಾರಣವನ್ನೂ ಸಾರಿತು.

ಸೋಮವಾರ ಆ ತಂಡದ ಹುಡುಗಿ ಸಮಾಧಾನ ಹೇಳಿದಳು: "ಈಗೇನೂ ತೊಂದರೆಯಿಲ್ಲ ಸರ್. ನಿಮ್ಮ ಬಟನ್ನಿನ ಕೋಡ್ ಕಾಪಿ ಮಾಡಿ ನಮ್ಮ ಫೋಲ್ಡರಿನಲ್ಲೇ ಇಟ್ಟುಕೊಂಡಿದ್ದೇವೆ."

ರಾಯರು ಚಹಾ ಮುಗಿಯುವ ತನಕ ಮಾತಾಡಲಿಲ್ಲ. ಆಮೇಲೆ ಕಣ್ಣರಳಿಸಿ, "ಮರುಬಳಕಿ ಅಂದ್ರ ಅದೂ ಹೌದಲ್ರೀ!" ಎಂದವರೇ, ಕಾಪಿ ಮಾಡುವುದನ್ನೂ ಸ್ವಯಂಚಾಲಿತಗೊಳಿಸುವ ಹೊಸ ಟೂಲಿಗೆ ರೆಪೊ ತೆರೆದರು. ಬುಧವಾರ ಅದರ 1.0.0 ಹೊರಬಂತು. ಕಾಪಿ ಮಾಡಲು ಅದಕ್ಕಿನ್ನೂ ಬರುವುದಿಲ್ಲ. ರಿಲೀಸ್ ಮಾತ್ರ ಸುಸೂತ್ರ.