ಮಣ್ಣಾಗದ ಮೀಸೆ

“ಒದೆ ತಿನ್ನೋದಕ್ಕೆ ಜಪಾನ್‌ವರೆಗೂ ಯಾಕ್ರೀ ಹೋಗ್ಬೇಕು? ಸಂಜೆ ಆರು ಗಂಟೆಗೆ ಮೆಜೆಸ್ಟಿಕ್‌ನಲ್ಲಿ ಯಾವುದಾದ್ರೂ ಬಸ್ ಹತ್ತಿ, ಸಾಕು” ಎಂದಳು ನನ್ನ ಹೆಂಡತಿ. ನಾನು ಕಲಿಯುವ ಜಪಾನಿ ಸಮರಕಲೆ ಐಕಿಡೊದಲ್ಲಿ ಒದೆಯುವುದಿಲ್ಲ, ಕೈ ತಿರುಚಿ ಕೆಡವುತ್ತಾರೆ ಅಷ್ಟೇ ಎಂದು ತಿದ್ದಿದೆ. ಅವಳು ಮರುಮಾತಾಡದೆ ಸೂಟ್‌ಕೇಸಿನಲ್ಲಿ ಚಟ್ನಿಪುಡಿಯ ಪಕ್ಕಕ್ಕೆ ನೋವಿನ ಮುಲಾಮಿನ ಎರಡನೆಯ ಟ್ಯೂಬು ತುರುಕಿದಳು.

ದೊಡ್ಡಪ್ಪನದು ಬೇರೆ ರಾಗ. “ಎಲ್ಲಾ ನಮ್ಮಿಂದ್ಲೇ ಹೋಗಿದ್ದಲ್ವೇನೋ? ಬೋಧಿಧರ್ಮ!” ಬೋಧಿಧರ್ಮನ ಕಥೆ ಚೀನಾದ ಶಾವೊಲಿನ್ ಮಠಕ್ಕೆ ಸೇರಿದ್ದು, ಐಕಿಡೊ ಕಟ್ಟಿದ ಮೊರಿಹೆಯಿ ಉಯೆಶಿಬಾ ಹುಟ್ಟಿದ್ದೇ 1883ರಲ್ಲಿ, 1915ರಲ್ಲಿ ಹೊಕ್ಕೈಡೊದಲ್ಲಿ ತಕೆದಾ ಸೊಕಾಕು ಎಂಬ ಗುರುವಿನ ಕೈಗೆ ಸಿಕ್ಕಿ, ಅವರಿಂದ ಕಲಿತ ವಿದ್ಯೆಯನ್ನೇ ಮುಂದೆ ತಿದ್ದಿ ತೀಡಿ ತನ್ನದು ಮಾಡಿಕೊಂಡವರು ಎಂದೆಲ್ಲ ವಿವರಿಸಿದೆ. ದೊಡ್ಡಪ್ಪ ಪೂರ್ತಿ ಕೇಳಿಸಿಕೊಂಡು, “ಅದೇ ನಾನೂ ಹೇಳಿದ್ದು” ಎಂದರು.

ಈ ಹುಚ್ಚು ಹತ್ತಿದ್ದು ಜರ್ಮನಿಯಲ್ಲಿ. ಕಂಪನಿ ಎರಡು ವರ್ಷ ಅಲ್ಲಿಗೆ ಕಳಿಸಿದ್ದಾಗ, ನಾಲ್ಕೂವರೆಗೇ ಕತ್ತಲಾಗುವ ಚಳಿಗಾಲವನ್ನು ಏನು ಮಾಡುವುದೆಂದು ತಿಳಿಯದೆ ಮನೆ ಹತ್ತಿರದ ಡೋಜೊ, ಅಂದರೆ ಐಕಿಡೊ ಗರಡಿ, ಸೇರಿಕೊಂಡೆ. ಅಲ್ಲಿ ಗಂಟುಬಿದ್ದವರು ಮೂವರು: ಬಾಗಿಲಲ್ಲಿ ತಲೆ ಬಗ್ಗಿಸಿಯೇ ಒಳಬರುವಷ್ಟು ಎತ್ತರದ ಜರ್ಮನ್ ಬಡಗಿ, ಫ್ರಾನ್ಸಿನ ಶಾಲಾ ಮೇಡಂ, ಬ್ರೆಜಿಲ್‌ನ ನರ್ಸು. ಎಲ್ಲರೂ ಐವತ್ತರ ಆಸುಪಾಸಿನವರು. ಮಂಡಿ ಪೂರ್ತಿ ಕೈಕೊಡುವ ಮುಂಚೆ ಮೂಲಸ್ಥಾನಕ್ಕೊಮ್ಮೆ ಹೋಗಿಬರೋಣ ಎಂದು ಹರಕೆ ಹೊತ್ತವರಂತೆ ಏಪ್ರಿಲ್‌ನಲ್ಲಿ ಟೋಕಿಯೊ ಸೇರಿದೆವು.

ಐಕಿಡೊದ ಕೇಂದ್ರ ಡೋಜೊ ಇರುವುದು ಶಿಂಜುಕುವಿನ ಒಂದು ಸಾಧಾರಣ ವಸತಿ ಬೀದಿಯಲ್ಲಿ. ಮೊದಲ ತರಗತಿ ಬೆಳಿಗ್ಗೆ ಆರೂವರೆಗೆ. ನಮ್ಮ ಲೆಕ್ಕದಲ್ಲಿ ರಾತ್ರಿ ಮೂರು. ಕಾಲು ಮಡಿಸಿ ಕೂರುವ ‘ಸೆಯಿಜಾ’ದಲ್ಲಿ ಮೂವರೂ ನರಳುತ್ತಿದ್ದರೆ ನನಗೆ ಒಳಗೊಳಗೇ ಖುಷಿ. ಇದೇನು, ನಮ್ಮ ವಜ್ರಾಸನ! ಪಂಕ್ತಿಯಲ್ಲಿ ನೆಲದ ಮೇಲೆ ಕೂತು ಹೋಳಿಗೆ ಹೊಡೆದ ಕುಲ ನಮ್ಮದು. ಆದರೆ ಪಂಕ್ತಿಯಲ್ಲಿ ಚಕ್ಕಳಮಕ್ಕಳ ಹಾಕುತ್ತೇವೆ ಎಂಬುದು ಹತ್ತನೆಯ ನಿಮಿಷಕ್ಕೆ ನೆನಪಾಯಿತು. ಗುರುಗಳು ಏಳಿ ಎಂದಾಗ ಎಲ್ಲರೂ ಎದ್ದರು. ನನ್ನ ಬಲಗಾಲಿಗೆ ಮಾತ್ರ ಜೋಮು ಹಿಡಿದು, ಯಾರೂ ಮುಟ್ಟುವ ಮೊದಲೇ ನಾನು ನೆಲಕಚ್ಚಿದ್ದೆ.

ನಾವು ಕಲಿಯುವ ಐಕಿಡೊದಲ್ಲಿ ಪಂದ್ಯ ಗಿಂದ್ಯ ಇಲ್ಲ. ಇಬ್ಬಿಬ್ಬರು ಜೋಡಿಯಾಗಿ, ನಾಲ್ಕು ಸಲ ನೀನು ಬೀಳು, ನಾಲ್ಕು ಸಲ ನಾನು ಬೀಳುತ್ತೇನೆ ಎಂಬ ಒಪ್ಪಂದ. ನನ್ನ ಪಾಲಿಗೆ ಸಿಕ್ಕಿದ್ದು ನಮ್ಮಜ್ಜಿಯ ಅಳತೆಯ ಒಬ್ಬ ಅಜ್ಜಿ. ವಯಸ್ಸು ಎಪ್ಪತ್ತು ದಾಟಿರಬೇಕು. ಅಂದಿನ ಪಾಠ ‘ನಿಕ್ಯೊ’. ಎದುರಾಳಿಯ ಮಣಿಕಟ್ಟನ್ನು ಒಳಗೆ ಮಡಿಸಿ, ಅವನ ಮೊಳಕೈ ಬಾಗಿಸಿ, ಎದೆಗೆ ಹತ್ತಿರ ಹಿಡಿದು ಸುಮ್ಮನೆ ನಮಸ್ಕಾರ ಮಾಡುವಂತೆ ಮುಂದೆ ಬಾಗುವುದು. ಬಾಗುವವರಿಗೆ ಏನೂ ಶ್ರಮವಿಲ್ಲ. ಬಾಗಿಸಿಕೊಂಡವನಿಗೆ ಮಣಿಕಟ್ಟಿನಿಂದ ಹೊರಟ ನೋವು ಮಂಡಿಯನ್ನೇ ಕಳಚಿಹಾಕುತ್ತದೆ. ತಡೆಯಲಾಗದಿದ್ದರೆ ಇನ್ನೊಂದು ಕೈಯಿಂದ ಚಾಪೆಯನ್ನೋ ತೊಡೆಯನ್ನೋ ತಟ್ಟಬೇಕು, ತಕ್ಷಣ ಬಿಡುತ್ತಾರೆ. ಇದು ಹನ್ನೆರಡು ವರ್ಷದಿಂದ ನನಗೆ ಗೊತ್ತು. ಆದರೆ ನೋವು ಬಂದಾಗ ಕನ್ನಡಿಗನ ಕೈ ತಟ್ಟುವುದಿಲ್ಲ, ಬಾಯಿ ತೆರೆಯುತ್ತದೆ.

“ಅಯ್ಯೋ!” ಎಂದೆ.

ಅಜ್ಜಿ ಪ್ರಸನ್ನರಾಗಿ ತಲೆಯಾಡಿಸಿ ಇನ್ನಷ್ಟು ಬಾಗಿದರು.

“ಅಯ್ಯಯ್ಯೋ!”

ಇನ್ನೂ ಬಾಗಿದರು. ಕೊನೆಗೆ ನರ್ಸಮ್ಮ ಓಡಿಬಂದು ನನ್ನ ಪರವಾಗಿ ಚಾಪೆ ತಟ್ಟಿದ ಮೇಲೆ ಬಿಡುಗಡೆ. ತರಗತಿ ಮುಗಿದ ಮೇಲೆ, ಜಪಾನಿ ಬಲ್ಲ ಮೇಡಂ ವಿಚಾರಿಸಿದಾಗ ಗುಟ್ಟು ಹೊರಬಿತ್ತು. ಜಪಾನಿಯಲ್ಲಿ ‘ಈ ಯೋ’ ಎಂದರೆ ಚೆನ್ನಾಗಿದೆ, ಪರವಾಗಿಲ್ಲ, ಆಗಲಿ ಎಂದರ್ಥ. ಭಾರತದಿಂದ ಬಂದ ಈ ಮೀಸೆಯವರು ಎಷ್ಟು ಗಟ್ಟಿ, ಬಾಗಿಸಿದಷ್ಟೂ ಚೆನ್ನಾಗಿದೆ ಚೆನ್ನಾಗಿದೆ ಅನ್ನುತ್ತಿದ್ದರಲ್ಲ ಎಂದು ಅಜ್ಜಿ ಅಚ್ಚರಿಪಟ್ಟರಂತೆ.

ಭಾಷೆ ಕೈಕೊಟ್ಟಿದ್ದು ಅದೊಂದೇ ಸಲ. ಉಳಿದಂತೆ ಜಪಾನಿ ನಮ್ಮ ಕಡೆಯದೇ ಅನ್ನಿಸುತ್ತಿತ್ತು. ಆಶ್ಚರ್ಯವಾದರೆ ಅವರೂ “ಅರೆ?” ಎನ್ನುತ್ತಾರೆ. ‘ಟೋಕಿಯೊ ನಿ ಇಕಿಮಾಸು’ ಎಂದರೆ ‘ಟೋಕಿಯೊ-ಗೆ ಹೋಗ್ತೀನಿ’. ಪ್ರತ್ಯಯ ಹಿಂದೆ, ಕ್ರಿಯಾಪದ ಕೊನೆಗೆ, ‘ನಾನು’ ಅನ್ನುವುದು ಬೇಕಿದ್ದರೆ ಮಾತ್ರ. ಹತ್ತು ವರ್ಷ ಜಪಾನಿ ಕಲಿತ ಮೇಡಂ ಕ್ರಿಯಾಪದಕ್ಕಾಗಿ ವಾಕ್ಯದ ತುದಿವರೆಗೆ ಉಸಿರು ಹಿಡಿದು ಕಾಯುವಾಗ ನಾನು ಅಂಗಡಿಯಲ್ಲಿ ನೂಡಲ್ಸಿಗೆ ಚೌಕಾಸಿ ಮಾಡುವ ಮಟ್ಟಕ್ಕೆ ಬಂದಿದ್ದೆ. ಅಲ್ಲಿ ಚೌಕಾಸಿ ಇಲ್ಲ, ಅದು ಬೇರೆ ಮಾತು.

ನಮ್ಮ ತಾತ ಮೈಸೂರಿನ ಗರಡಿಯಲ್ಲಿ ಸಾಮು ಮಾಡಿದವರು. ಇಳಿಯುವ ಮುಂಚೆ ಮಟ್ಟಿಯ ಮಣ್ಣು ಮುಟ್ಟಿ ಹಣೆಗೆ ಒತ್ತಿಕೊಳ್ಳಬೇಕು, ಗೋಡೆಯ ಮೇಲೆ ಆಂಜನೇಯ. ಇಲ್ಲಿ ಚಾಪೆಗೆ ಹಣೆ ಹಚ್ಚಬೇಕು, ಗೋಡೆಯ ಮೇಲೆ ಬಿಳಿಗಡ್ಡದ ಉಯೆಶಿಬಾ. ವ್ಯತ್ಯಾಸ ಒಂದೇ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂದು ತಾತ ಕೊಚ್ಚಿಕೊಳ್ಳಬೇಕಾದರೆ ಸುಳ್ಳು ಹೇಳಬೇಕಿತ್ತು. ನನ್ನ ಮೀಸೆ ನಿಜವಾಗಿಯೂ ಮಣ್ಣಾಗಲಿಲ್ಲ. ಯಾಕೆಂದರೆ ದಿನಾ ತರಗತಿ ಮುಗಿದ ಕೂಡಲೇ ಪೊರಕೆ ಹಿಡಿದು ಆ ಚಾಪೆ ಗುಡಿಸುವವರಲ್ಲಿ ನಾನೂ ಒಬ್ಬ. ಅದರ ಫೋಟೋ ತೆಗೆದು ಬಡಗಿ ನನ್ನ ಹೆಂಡತಿಗೆ ಕಳಿಸಿಬಿಟ್ಟ. “ಇನ್ನೆರಡು ವಾರ ಇರಲಿ ಬಿಡಿ” ಎಂದು ಉತ್ತರ ಬಂತು.

ಏಪ್ರಿಲ್ 29ಕ್ಕೆ ಇವಾಮಾಗೆ ಹೊರಟೆವು. 1942ರಲ್ಲಿ, ಯುದ್ಧದ ನಡುವೆ, ಟೋಕಿಯೊ ಬಿಟ್ಟು ಉಯೆಶಿಬಾ ಹೊಲ ಉಳುತ್ತ ನೆಲೆಸಿದ ಊರು ಅದು. ಅವರು ಕಟ್ಟಿಸಿದ ಪುಟ್ಟ ಐಕಿ ಗುಡಿಯಲ್ಲಿ ಪ್ರತಿವರ್ಷ ಅಂದು ಉತ್ಸವ. ಅದೇ ಅವರ ಸ್ಮರಣೆಯೂ ಹೌದು, ಅವರು ತೀರಿಕೊಂಡದ್ದು 1969ರ ಏಪ್ರಿಲ್ 26ರಂದು. ಉಯೆನೊದಿಂದ ಜೋಬಾನ್ ಲೈನಿನ ರೈಲಿನಲ್ಲಿ ಸುಮಾರು ಎರಡು ಗಂಟೆ ದಾರಿ. ಅಜ್ಜಿಯೂ ಜೊತೆಗೆ ಬಂದಿದ್ದರು, ಬುತ್ತಿ ಕಟ್ಟಿಕೊಂಡು. ಪೂಜೆ ಮುಗಿದ ಮೇಲೆ ಮರದ ಕೆಳಗೆ ನೀಲಿ ಪ್ಲಾಸ್ಟಿಕ್ ಹಾಸಿಕೊಂಡು ಕೂತೆವು. ಅಜ್ಜಿ ಅನ್ನದುಂಡೆ ಕೊಟ್ಟರು. ನಾನು ಅದರ ಮೇಲೆ ಚಟ್ನಿಪುಡಿ ಉದುರಿಸಿ ವಾಪಸು ಕೊಟ್ಟೆ. ಬಾಯಿಗಿಟ್ಟುಕೊಂಡವರ ಕಣ್ಣಲ್ಲಿ ನೀರು. ನಿಕ್ಯೊದ ಲೆಕ್ಕ ಅಲ್ಲಿಗೆ ಚುಕ್ತಾ ಅಂದುಕೊಂಡೆ.

“ಈ ಯೋ!” ಎಂದು ಅವರು ಇನ್ನಷ್ಟಕ್ಕೆ ಕೈ ಚಾಚಿದರು.

ಅದು ಈ ಯೋ ಇರಬಹುದು, ಅಯ್ಯೋ ಇರಬಹುದು. ನಾನಂತೂ ಡಬ್ಬಿಯನ್ನೇ ಕೊಟ್ಟೆ. ಹೊರಡುವ ಹೊತ್ತಾಯಿತು. ಅಜ್ಜಿ ಮಂಡಿಯ ಮೇಲೆ ಕೈಯೂರಿ, “ಯೊಯಿಶೋ” ಎಂದು ಎದ್ದರು. ನಾನು ಬಡಗಿಯ ಭುಜ ಹಿಡಿದು, “ಉಸ್ಸಪ್ಪಾ” ಎಂದು ಎದ್ದೆ. ಅದರ ತರ್ಜುಮೆ ಯಾರಿಗೂ ಬೇಕಾಗಲಿಲ್ಲ.