ಕಾರ್ಡುರಾಯರ ವಸಂತ

ಫೆಬ್ರುವರಿ ಮುಗಿಯುತ್ತಿದ್ದಂತೆ ಬೆಂಗಳೂರಿನ ಬಡಾವಣೆಗಳಲ್ಲಿ ಕಾರ್ಡುರಾಯರು ಚಿಗುರತೊಡಗುತ್ತಾರೆ. ನಿವೃತ್ತ ಬ್ಯಾಂಕ್ ಅಧಿಕಾರಿಯೋ, ಐಟಿ ಸಾಕೆಂದು ಬಿಟ್ಟು ಬಂದವರೋ, ಮಕ್ಕಳನ್ನು ಅಮೆರಿಕಕ್ಕೆ ಕಳಿಸಿ ಪುರುಸೊತ್ತಾದ ತಾಯಿಯೋ, ಯಾರೂ ಆಗಬಹುದು. ಯುಗಾದಿಗೆ ಜಲವರ್ಣದಲ್ಲಿ ಹೂ ಬರೆದು, ಕೈಯಾರೆ ಮಾಡಿದ ಕಾರ್ಡನ್ನೇ ಕಳಿಸಬೇಕೆಂಬ ಹಟ ಮಾತ್ರ ಎಲ್ಲರದೂ ಒಂದೇ. ನನ್ನ ವಾದ ಇಷ್ಟು: ಇವರು ಹೂವೊಂದನ್ನು ಬಿಟ್ಟು ಉಳಿದೆಲ್ಲವನ್ನೂ ನೋಡುತ್ತಾರೆ. ಕಾಗದದ ವಿಚಾರವನ್ನೇ ತೆಗೆದುಕೊಳ್ಳಿ. 300 ಜಿಎಸ್‌ಎಂಗಿಂತ ತೆಳುವಾದರೆ ನೀರು ತಾಗಿದ ಕೂಡಲೇ ಸೊಟ್ಟಗಾಗುತ್ತದೆ, ಹತ್ತಿಯದಾದರೆ ಉತ್ತಮ, ಅಂಚು ಹರಿದಂತಿದ್ದರೆ ಇನ್ನೂ ಉತ್ತಮ. ಹೆಣ್ಣು ನೋಡಲು ಹೋದ ಬೀಗರೂ ಇಷ್ಟು ವಿಚಾರಿಸುವುದಿಲ್ಲ. ಕೊನೆಗೆ ಅಂಚಿನ ಚಂದಕ್ಕೆ ಮರುಳಾಗಿ ತರುವ ಕೈಕಾಗದಕ್ಕೆ ಜೆಲಟಿನ್ ಲೇಪ ಇರುವುದಿಲ್ಲ. ಬಣ್ಣವನ್ನು ಅದು ಗಟಗಟ ಕುಡಿಯುತ್ತದೆ, ದಳ ಹೋಗಿ ದ್ವೀಪವಾಗುತ್ತದೆ. ರಾಯರು ಎದೆಗುಂದುವುದಿಲ್ಲ. ಅದಕ್ಕೆ ‘ವೆಟ್ ಆನ್ ವೆಟ್’ ಎಂದು ಹೆಸರಿಡುತ್ತಾರೆ.

ಇನ್ನು ಹೂವಿಗೆ ಬನ್ನಿ. ಹೊರಗೆ ಟಬೆಬುಯಾ ರಸ್ತೆಗೆಲ್ಲ ಗುಲಾಬಿ ಹಾಸಿದೆ, ಹೊಂಗೆ ಅರಳು ಹುರಿದಂತೆ ಉದುರಿಸುತ್ತಿದೆ, ಊರಾಚೆ ಹೋದರೆ ಮುತ್ತುಗ ಎಲೆಯಿಲ್ಲದೆ ಉರಿಯುತ್ತಿದೆ. 1908ರಲ್ಲಿ ಬೆಂಗಳೂರಿಗೆ ಬಂದ ಜರ್ಮನ್ ತೋಟಗಾರ ಕೃಂಬಿಗಲ್, ಒಂದಾದ ಮೇಲೊಂದು ಮರ ಹೂಬಿಡುವಂತೆ ಬೀದಿಗಳಿಗೆ ಸಸಿ ಆರಿಸಿದ್ದು ಯಾರಾದರೂ ತಲೆಯೆತ್ತಿ ನೋಡಲೆಂದೇ ಇರಬೇಕು. ರಾಯರ ತಲೆ ಮೊಬೈಲಿನ ಮೇಲೆ ಬಗ್ಗಿದೆ. ಅಲ್ಲಿ ಯಾರೋ ಹತ್ತು ನಿಮಿಷದಲ್ಲಿ ಡ್ಯಾಫೊಡಿಲ್ ಬರೆಯುವುದನ್ನು ಕಲಿಸುತ್ತಿದ್ದಾರೆ. ಆ ಗೆಡ್ಡೆ ತಿಂಗಳುಗಟ್ಟಲೆ ಚಳಿ ಕಾಣದೆ ಹೂ ಕೊಡದು. ನಮ್ಮೂರಿನ ಚಳಿ ಅದಕ್ಕೆ ಏನೇನೂ ಸಾಲದು. ಬೆಳಿಗ್ಗೆ ಬೇವುಬೆಲ್ಲಕ್ಕೆ ಬೇವಿನ ಹೂ ಬಿಡಿಸಿಕೊಂಡು ಬಂದ ಕೈಯೇ ಮಧ್ಯಾಹ್ನ ಈ ಕಾಣದೂರ ಹೂವಿಗೆ ಹಳದಿ ತುಂಬುತ್ತದೆ.

ಟಬೆಬುಯಾ ಕೂಡ ಅಮೆರಿಕ ಖಂಡದಿಂದ ಬಂದದ್ದೇ, ಡ್ಯಾಫೊಡಿಲ್ ಮಾಡಿದ ಪಾಪವೇನು ಎಂದು ರಾಯರು ಕೇಳಬಹುದು. ಪಾಪವೇನಿಲ್ಲ. ಟಬೆಬುಯಾ ಬಂದು ಬಸ್ ನಿಲ್ದಾಣದ ಪಕ್ಕ ನಿಂತಿದೆ, ನೋಡಿದರೆ ಕಾಣುತ್ತದೆ. ತಕರಾರು ಹೂವಿನ ಊರಿನದಲ್ಲ, ನೋಟದ್ದು. ಬೇವಿನ ಹೂ ಬಿಳಿ, ಬಿಳಿ ಕಾಗದದ ಮೇಲೆ ಬರೆಯುವುದು ಹೇಗೆ ಎಂಬುದು ಇದಕ್ಕಿಂತ ಗಟ್ಟಿಯಾದ ಆಕ್ಷೇಪ. ಆದರೆ ಜಲವರ್ಣದ ವಿದ್ಯೆ ಇರುವುದೇ ಅಲ್ಲಿ: ಬಿಳಿಯನ್ನು ಬಳಿಯುವುದಿಲ್ಲ, ಸುತ್ತಲೂ ಹಸಿರು ಹಚ್ಚಿ ಕಾಗದವನ್ನು ಹಾಗೆಯೇ ಬಿಡುವುದು. ಎಲ್ಲಿ ಬಿಡಬೇಕೆಂದು ತಿಳಿಯಲು ಹೂವನ್ನು ನೋಡಲೇಬೇಕು, ತೊಡಕು ಅದೊಂದೇ.

ಚಿತ್ರ ಹೇಗಾದರೂ ಇರಲಿ, ಪ್ರೀತಿ ಮುಖ್ಯವಲ್ಲವೇ ಎನ್ನುವವರಿಗೂ ಒಂದು ಮಾತು. 1843ರಲ್ಲಿ ಲಂಡನ್ನಿನ ಹೆನ್ರಿ ಕೋಲ್ ಮೊದಲ ಕ್ರಿಸ್ಮಸ್ ಕಾರ್ಡು ಅಚ್ಚುಹಾಕಿಸಿದ್ದು ಎಲ್ಲರಿಗೂ ಕಾಗದ ಬರೆಯಲು ಬಿಡುವಿಲ್ಲದೆ. ಶ್ರಮ ಉಳಿಸಲು ಹುಟ್ಟಿದ ವಸ್ತುವಿಗೆ ಮೂರು ದಿನ ಸುರಿಯುವುದು ಪ್ರೀತಿಯೇ, ಒಪ್ಪಿದೆ. ಆದರೆ ಅದು ರಸೀದಿ ಕೇಳುವ ಪ್ರೀತಿ: ಅಂಚೆಗೆ ಹಾಕಿದ ಮೂರನೆಯ ದಿನ “ತಲುಪಿತೇ?” ಎಂಬ ಫೋನು ಬಂದೇ ಬರುತ್ತದೆ. ಹಾಗಾಗಿ ಓದುಗರೇ, ಈ ಯುಗಾದಿಗೆ ನಿಮಗೂ ಒಂದು ಕಾರ್ಡು ಬಂದರೆ ನೀವೇ ಮೊದಲು ಫೋನು ಮಾಡಿ, ಬಣ್ಣ ಹೊಗಳಿ, ಕಾಗದ ಹೊಗಳಿ. ಇದು ಯಾವ ಹೂ ಎಂದು ಮಾತ್ರ ಕೇಳಬೇಡಿ.